ಹೆಪ್ಪು ಕರಗಿದ ಮೇಲೆ



2021ರ ಬೇಸಿಗೆ ನಿಮಗೆ ನೆನಪಿರಬೇಕು. ಕೋವಿಡ್ಡಿನ ಎರಡನೆಯ ಅಲೆ. ಅಲ್ಲಿಯವರೆಗೆ ಆಸ್ಪತ್ರೆಯ ಲ್ಯಾಬಿನೊಳಗಷ್ಟೇ ಓಡಾಡಿಕೊಂಡಿದ್ದ ಒಂದು ಪದ ಕೆಲವೇ ವಾರಗಳಲ್ಲಿ ನಮ್ಮ ಹಳ್ಳಿಹಳ್ಳಿಗೂ ಬಂದುಬಿಟ್ಟಿತು. ಡಿ-ಡೈಮರ್. ಬ್ಯಾಂಕಿನವರ ಬಾಯಲ್ಲೂ ಅದೇ, ಡೇರಿಗೆ ಹಾಲು ಹಾಕಲು ಬಂದವರ ಬಾಯಲ್ಲೂ ಅದೇ. ನಡುರಾತ್ರಿ ವಾಟ್ಸಾಪಿಗೆ ರಿಪೋರ್ಟಿನ ಫೋಟೋ ಬರುತ್ತಿತ್ತು: ‘ಸರ್, ಅಪ್ಪಂದು 900 ಇದೆ, ಅಡ್ಮಿಟ್ ಮಾಡ್ಬೇಕಾ?’ ಅಲೆ ಇಳಿಯಿತು. ಪದ ಮಾತ್ರ ಹಬ್ಬಕ್ಕೆ ಬಂದ ನೆಂಟನ ಹಾಗೆ ಮನೆಯಲ್ಲೇ ಉಳಿದುಕೊಂಡಿತು.

ಈವತ್ತು ನಾನು ಮಾತಾಡಬೇಕೆಂದಿರುವುದು ಕೋವಿಡ್ ವಿಚಾರ ಅಲ್ಲ. ಶ್ವಾಸಕೋಶದ ರಕ್ತನಾಳಕ್ಕೆ ಹೆಪ್ಪು ಸಿಕ್ಕಿಕೊಂಡು, ಸಾಯುವಂತಾಗಿ, ಬದುಕಿ ಮನೆಗೆ ಬಂದವರ ವಿಚಾರ. ಪಲ್ಮನರಿ ಎಂಬಾಲಿಸಮ್ ಎಂದು ಡಿಸ್ಚಾರ್ಜ್ ಕಾಗದದಲ್ಲಿ ಬರೆದಿರುತ್ತಾರೆ. ಮನೆಯವರು ‘ಲಂಗ್ಸಿಗೆ ಕ್ಲಾಟ್ ಹೋಗಿತ್ತು’ ಎನ್ನುತ್ತಾರೆ. ಇಂಥವರ ಮುಂದಿನ ದಿನಗಳು ಹೇಗೆ? ರಕ್ತಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆಯೆ?

ನನ್ನ ಕ್ಲಿನಿಕ್ಕು ಮೊದಲ ಮಹಡಿಯಲ್ಲಿದೆ. ಹೃದಯದ ತೊಂದರೆ, ಉಸಿರಿನ ತೊಂದರೆ ಇರುವವರನ್ನು ನೋಡುವವನು ಹದಿನೆಂಟು ಮೆಟ್ಟಿಲ ಮೇಲೆ ಕೂರಬಾರದಿತ್ತು. ಬಾಡಿಗೆ ಕಡಿಮೆ ಎಂದು ಕೂತೆ. ಆ ಮೆಟ್ಟಿಲು ಹತ್ತಿಕೊಂಡು ಒಬ್ಬರು ಬರುತ್ತಾರೆ, ಮಂಡ್ಯದ ಕಡೆಯವರು, 62 ವರ್ಷ. ಹೆಸರು ಬೇಡ, ಆಲೆಮನೆ ಯಜಮಾನರು ಎಂದುಕೊಳ್ಳೋಣ. ಜೊತೆಯಲ್ಲಿ ಹೆಂಡತಿ. ಆಕೆಯ ಕೈಯಲ್ಲಿ ಸೀರೆ ಅಂಗಡಿಯ ದಪ್ಪ ಪ್ಲಾಸ್ಟಿಕ್ ಕವರು. ಕವರಿನ ತುಂಬ ರಿಪೋರ್ಟುಗಳು. ತಿಂಗಳಿಗೊಂದು ಡಿ-ಡೈಮರ್, ಅಳಿಯನ ಒತ್ತಾಯಕ್ಕೆ ಮಾಡಿಸಿದ್ದು. ಕೆಲವು ಅಂಕಿಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿತ್ತು. ಮೊದಲ ಸಲ ಬಂದಾಗ ಎಲ್ಲವನ್ನೂ ನನ್ನ ಮೇಜಿನ ಮೇಲೆ ಇಸ್ಪೀಟೆಲೆಯ ಹಾಗೆ ಹರಡಿ ಯಜಮಾನರು ಕೇಳಿದರು: ‘ಡಾಕ್ಟ್ರೆ, ಇದ್ರಲ್ಲಿ ನಾನು ಇನ್ನೆಷ್ಟು ದಿನ ಇರ್ತೀನಿ ಅಂತ ಬರ್ದೈತಾ?’

ಅವರಿಗೆ ಆದದ್ದು ಇಷ್ಟು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಇದ್ದಕ್ಕಿದ್ದಂತೆ ಉಸಿರು ಸಿಕ್ಕಿಕೊಂಡಿತು, ಎದೆ ಹೊಡೆದುಕೊಂಡಿತು, ಕಣ್ಣು ಕತ್ತಲೆ ಬಂತು. ಎಡಗಾಲ ಮೀನಖಂಡ ನಾಲ್ಕು ದಿನದಿಂದ ಊದಿಕೊಂಡಿದ್ದನ್ನು ‘ಉಳುಕಿರಬೇಕು’ ಎಂದು ಎಣ್ಣೆ ತಿಕ್ಕಿಸಿಕೊಂಡಿದ್ದರು. ಹೆಪ್ಪು ಹುಟ್ಟಿದ್ದು ಅಲ್ಲಿ, ಕಾಲಿನ ಒಳಗಿನ ರಕ್ತನಾಳದಲ್ಲಿ. ಅದರ ತುಂಡು ಬಿಡಿಸಿಕೊಂಡು, ರಕ್ತದ ಜೊತೆ ಮೇಲೇರಿ, ಹೃದಯದ ಬಲಭಾಗವನ್ನು ದಾಟಿ ಶ್ವಾಸಕೋಶದ ನಾಳದಲ್ಲಿ ಹೋಗಿ ಕೂತಿತು. ಕಾಲಿನ ಹೆಪ್ಪೇ ಹೀಗೆ ಶ್ವಾಸಕೋಶಕ್ಕೆ ಪ್ರಯಾಣ ಮಾಡುತ್ತದೆ ಎಂದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲೇ ಜರ್ಮನಿಯ ರುಡಾಲ್ಫ್ ವಿರ್ಕೋ ತೋರಿಸಿಕೊಟ್ಟ. ಎಂಬಾಲಸ್ ಎಂಬ ಹೆಸರೂ ಅವನು ಕೊಟ್ಟದ್ದೇ.

ಆಗಿನ ಕಾಲಕ್ಕೆ ಕಾಯಿಲೆ ಗೊತ್ತಾದರೂ ಮಾಡುವುದೇನೂ ಇರಲಿಲ್ಲ. ಚಿಕಿತ್ಸೆಯಿಂದ ಜೀವ ಉಳಿಯುತ್ತದೆ ಎಂದು ಪರೀಕ್ಷೆಯ ಮೂಲಕ ಗಟ್ಟಿಯಾದದ್ದು 1960ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ. ಬ್ಯಾರಿಟ್ ಮತ್ತು ಜೋರ್ಡನ್ ಎಂಬ ಇಬ್ಬರು ವೈದ್ಯರು ಇಂಥ ರೋಗಿಗಳನ್ನು ಎರಡು ಗುಂಪು ಮಾಡಿದರು. ಔಷಧಿ ಕೊಡದ 19 ಜನರಲ್ಲಿ ಐವರು ಹೆಪ್ಪಿನಿಂದ ಸತ್ತರು, ಇನ್ನೈವರಿಗೆ ಮತ್ತೆ ಹೆಪ್ಪು ಬಂತು. ಔಷಧಿ ಪಡೆದ 16 ಜನರಲ್ಲಿ ಹೆಪ್ಪಿನಿಂದ ಒಬ್ಬರೂ ಸಾಯಲಿಲ್ಲ. ಇನ್ನು ಔಷಧಿ ಕೊಡದೆ ಇರುವುದು ತಪ್ಪಾಗುತ್ತದೆ ಎಂದು ಪರೀಕ್ಷೆಯ ಆ ಭಾಗವನ್ನು ಅಲ್ಲಿಗೇ ನಿಲ್ಲಿಸಿದರು. ಅವರು ಕೊಟ್ಟದ್ದು ಹೆಪಾರಿನ್ ಇಂಜೆಕ್ಷನ್ನು, ಜೊತೆಗೆ ನಿಕೊಮಲೋನ್ ಎಂಬ ಮಾತ್ರೆ. ಆ ಮಾತ್ರೆ ಎಲ್ಲಿಗೂ ಹೋಗಿಲ್ಲ. ಅಸೆನೊಕೌಮರಾಲ್ ಎಂಬ ಹೆಸರಿನಲ್ಲಿ ನಮ್ಮ ಮೆಡಿಕಲ್ ಶಾಪುಗಳಲ್ಲಿ ಈಗಲೂ ಸಿಗುತ್ತದೆ. ಅದನ್ನು ನುಂಗುತ್ತಾ ಈ ಮಾತು ಕೇಳುತ್ತಿರುವವರೂ ಕೆಲವರಿದ್ದೀರಿ.

ಇದನ್ನು ನಾವೆಲ್ಲ ರಕ್ತ ತೆಳು ಮಾಡುವ ಮಾತ್ರೆ ಎನ್ನುತ್ತೇವೆ. ನಾನೂ ಹಾಗೇ ಅನ್ನುತ್ತೇನೆ, ರೂಢಿ. ನಿಜ ಹೇಳಬೇಕೆಂದರೆ ರಕ್ತ ತೆಳುವಾಗುವುದೂ ಇಲ್ಲ, ಮಾತ್ರೆ ಹೆಪ್ಪನ್ನು ಕರಗಿಸುವುದೂ ಇಲ್ಲ. ಹೊಸ ಹೆಪ್ಪು ಕಟ್ಟದ ಹಾಗೆ, ಇದ್ದದ್ದು ಬೆಳೆಯದ ಹಾಗೆ ತಡೆಯುತ್ತದೆ, ಅಷ್ಟೆ. ಕರಗಿಸುವ ಕೆಲಸ ಮೈಯದೇ. ರಕ್ತದಲ್ಲಿರುವ ಪ್ಲಾಸ್ಮಿನ್ ಎಂಬ ಕಿಣ್ವ ಹೆಪ್ಪಿನ ನಾರನ್ನು ಕತ್ತರಿಸುತ್ತಾ ಹೋಗುತ್ತದೆ. ಕತ್ತರಿಸಿದಾಗ ಉದುರುವ ಚೂರೇ ಡಿ-ಡೈಮರ್.

ಇದನ್ನು ಯಜಮಾನರಿಗೆ ಹೇಳಿದಾಗ ಅವರು ಥಟ್ಟನೆ ಅಂದರು: ‘ಗಾಣದ ಪಕ್ಕ ಬಿದ್ದಿರೋ ಸಿಪ್ಪೆ ಇದ್ದಂಗೆ ಅನ್ನಿ.’ ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ. ಸಿಪ್ಪೆಯ ಗುಡ್ಡೆ ನೋಡಿದರೆ ಕಬ್ಬು ಅರೆದಿದ್ದಾರೆ ಎಂದು ಗೊತ್ತಾಗುತ್ತದೆ. ಯಾರ ಗದ್ದೆಯ ಕಬ್ಬು ಎಂದು ಗೊತ್ತಾಗುವುದಿಲ್ಲ. ಬಸುರಿಯರಲ್ಲಿ ಡಿ-ಡೈಮರ್ ಏರಿರುತ್ತದೆ. ಆಪರೇಷನ್ ಆದವರಲ್ಲಿ, ನ್ಯುಮೋನಿಯಾ ಇರುವವರಲ್ಲಿ, ಕ್ಯಾನ್ಸರ್ ಇರುವವರಲ್ಲಿ ಏರಿರುತ್ತದೆ. ಏನೂ ಇಲ್ಲದೆ ಬರೀ ವಯಸ್ಸಾದರೂ ಏರುತ್ತದೆ. ಹಾಗಾಗಿ ಹೆಪ್ಪಿನ ಅನುಮಾನ ಕಡಿಮೆ ಇರುವವರಲ್ಲಿ ಅದು 500ಕ್ಕಿಂತ ಕೆಳಗಿದ್ದರೆ ‘ಇಲ್ಲ’ ಎನ್ನಲು ಉಪಯೋಗ. ‘ಇದೆ’ ಎಂದು ಹೇಳಲು ಸಿ.ಟಿ.ಯಂಥ ಸ್ಕ್ಯಾನೇ ಬೇಕು. ಐವತ್ತು ದಾಟಿದವರಿಗೆ ಆ 500ರ ಗೆರೆಯನ್ನೂ ವಯಸ್ಸಿನ ಹತ್ತರಷ್ಟಕ್ಕೆ ಸರಿಸಿಕೊಳ್ಳಬಹುದು ಎಂದು 2014ರಲ್ಲಿ ಒಂದು ದೊಡ್ಡ ಅಧ್ಯಯನ ತೋರಿಸಿತು. 70 ವರ್ಷದವರಿಗೆ ಗೆರೆ 700. ಲ್ಯಾಬಿನ ಕಂಪ್ಯೂಟರಿಗೆ ಇದು ಗೊತ್ತಿಲ್ಲ, ಅದು 501 ಆದ ಕೂಡಲೆ ದಪ್ಪಕ್ಷರದಲ್ಲಿ ಎಚ್ ಎಂದು ಹಾಕುತ್ತದೆ, ಮನೆಯವರ ನಿದ್ದೆ ಹಾಳು.

ಅಂಕಿಯ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ಯಜಮಾನರ ಕವರಿನಲ್ಲಿ ಒಂದು ಲ್ಯಾಬಿನ ರಿಪೋರ್ಟಿನಲ್ಲಿ 0.48 ಇತ್ತು, ಇನ್ನೊಂದರಲ್ಲಿ 480. ಅಳಿಯ ಎರಡನೆಯದಕ್ಕೆ ಕೆಂಪು ಸುತ್ತು ಹಾಕಿ ‘ಸಾವಿರಪಟ್ಟು’ ಎಂದು ಬರೆದಿದ್ದ. ಎರಡೂ ಒಂದೇ! ಒಂದು ಮೈಕ್ರೋಗ್ರಾಮಿನ ಲೆಕ್ಕ, ಇನ್ನೊಂದು ನ್ಯಾನೋಗ್ರಾಮಿನ ಲೆಕ್ಕ. ಸೇರಿನಲ್ಲಿ ಅಳೆದರೇನು, ಪಾವಿನಲ್ಲಿ ಅಳೆದರೇನು, ಅಕ್ಕಿ ಅಷ್ಟೇ. ಸಾಲದ್ದಕ್ಕೆ ಎಫ್.ಇ.ಯು., ಡಿ.ಡಿ.ಯು. ಎಂದು ಎರಡು ಬಗೆಯ ಅಳತೆ ಬೇರೆ ಇವೆ. ಮೊದಲನೆಯದರ 500 ಎರಡನೆಯದರಲ್ಲಿ ಸುಮಾರು 250. ಅಂಕಿಯ ಪಕ್ಕದ ಸಣ್ಣಕ್ಷರ ಓದದೆ ಅಂಕಿ ಓದಬೇಡಿ.

ಇನ್ನು ಆಸ್ಪತ್ರೆಗೆ ಸೇರಿಸಿದ ದಿನ ಮಾಡುವ ಬೇರೆ ಎರಡು ಪರೀಕ್ಷೆಗಳಿವೆ. ಹೃದಯದ ಬಲಕೋಣೆ ತೆಳ್ಳಗಿನ ಗೋಡೆಯದು. ಎಡಕೋಣೆ ಇಡೀ ಮೈಗೆ ರಕ್ತ ನೂಕಬೇಕು, ಇದಕ್ಕೆ ಪಕ್ಕದ ಶ್ವಾಸಕೋಶಕ್ಕೆ ನೂಕಿದರೆ ಸಾಕು. ಒತ್ತಡ ಐದರಲ್ಲಿ ಒಂದು ಪಾಲಿನಷ್ಟೇ. ಅಂಥದ್ದರ ಮುಂದೆ ಇದ್ದಕ್ಕಿದ್ದಂತೆ ಹೆಪ್ಪು ಅಡ್ಡ ಕೂತರೆ ಅದು ಹಿಗ್ಗುತ್ತದೆ, ತಿಣುಕುತ್ತದೆ. ತಿಣುಕಿ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಟ್ರೋಪೋನಿನ್ ಏರುತ್ತದೆ. ಬರೀ ಹಿಗ್ಗಿದರೂ ಸಾಕು, ಬಿ.ಎನ್.ಪಿ. ಎಂಬ ಇನ್ನೊಂದು ಏರುತ್ತದೆ. ಬಿ ಎಂದರೆ ಬ್ರೈನ್, ಮೆದುಳು. ಜಪಾನಿನವರು 1988ರಲ್ಲಿ ಇದನ್ನು ಮೊದಲು ಪತ್ತೆ ಮಾಡಿದ್ದು ಹಂದಿಯ ಮೆದುಳಿನಲ್ಲಿ, ಅದಕ್ಕೆ ಆ ಹೆಸರು. ಆಮೇಲೆ ನೋಡಿದರೆ ಇದು ಹೆಚ್ಚಾಗಿ ತಯಾರಾಗುವುದು ಹೃದಯದಲ್ಲಿ. ಇಟ್ಟ ಹೆಸರು ಹಾಗೇ ಉಳಿಯಿತು.

ಈ ಎರಡು ಏರಿದ್ದರೆ, ಜೊತೆಗೆ ಹೃದಯದ ಎಕೋ ಸ್ಕ್ಯಾನಿನಲ್ಲಿ ಬಲಕೋಣೆ ಹಿಗ್ಗಿದ್ದು ಕಂಡರೆ, ಆ ರೋಗಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳಬೇಕು. ಮೊದಲ ಕೆಲವು ದಿನ ಅಪಾಯ ಹೆಚ್ಚು. ಆದರೆ ರಕ್ತ ತೆಗೆಯುವ ಮೊದಲೇ ಆರು ಪ್ರಶ್ನೆಗಳಲ್ಲಿ ಬಹಳಷ್ಟು ತಿಳಿಯುತ್ತದೆ: ವಯಸ್ಸು 80 ದಾಟಿದೆಯೆ, ಕ್ಯಾನ್ಸರ್ ಇದೆಯೆ, ಹೃದಯದ್ದೋ ಶ್ವಾಸಕೋಶದ್ದೋ ಹಳೆಯ ಕಾಯಿಲೆ ಇದೆಯೆ, ನಾಡಿ 110 ಮುಟ್ಟಿದೆಯೆ, ಮೇಲಿನ ಬಿ.ಪಿ. 100ಕ್ಕಿಂತ ಕೆಳಗಿದೆಯೆ, ಬೆರಳಿಗೆ ಹಾಕುವ ಯಂತ್ರದಲ್ಲಿ ಆಕ್ಸಿಜನ್ 90ಕ್ಕಿಂತ ಕಡಿಮೆ ಇದೆಯೆ. 2010ರ ಒಂದು ಅಧ್ಯಯನದಲ್ಲಿ ಆರಕ್ಕೂ ‘ಇಲ್ಲ’ ಎಂದಿದ್ದವರಲ್ಲಿ ತಿಂಗಳೊಳಗೆ ಸತ್ತವರು ನೂರಕ್ಕೆ ಒಬ್ಬರು. ಒಂದಕ್ಕಾದರೂ ‘ಹೌದು’ ಇದ್ದವರಲ್ಲಿ ನೂರಕ್ಕೆ 11ರ ಹತ್ತಿರ.

ಯಜಮಾನರ ಮೊದಲ ದಿನದ ಟ್ರೋಪೋನಿನ್ ಏರಿತ್ತು. ಅದನ್ನೇ ಹಿಡಿದುಕೊಂಡು ವರ್ಷವಾದ ಮೇಲೂ ‘ನನ್ನ ಹಾರ್ಟು ವೀಕು’ ಎನ್ನುತ್ತಿದ್ದರು. ಅದು ಆ ದಿನದ ಸಂಕಟದ ಗುರುತು, ಅಷ್ಟೆ. ಹೆಪ್ಪು ಕರಗಿ ಎಕೋ ಸರಿಯಾದ ಮೇಲೆ ಹಳೆಯ ಟ್ರೋಪೋನಿನ್ ಇಟ್ಟುಕೊಂಡು ಭವಿಷ್ಯ ನೋಡಲಾಗದು. ಮೊದಲ ಮೂರು ತಿಂಗಳು ಕಳೆದವರಿಗೆ ಮುಂದಿನ ವರ್ಷಗಳಲ್ಲಿ ಆಪತ್ತು ಬಂದರೆ ಬಹುಮಟ್ಟಿಗೆ ಬರುವುದು ಇತರ ಕಾಯಿಲೆಗಳಿಂದ, ಕ್ಯಾನ್ಸರಿನಿಂದ, ಹೃದಯರೋಗದಿಂದ. ಆ ಹೆಪ್ಪಿನಿಂದಲೇ ಬರುವುದು ಕಡಿಮೆ.

ಹಾಗಾದರೆ ಹೆಪ್ಪು ಮತ್ತೆ ಬರುತ್ತದೆಯೆ? ಯಜಮಾನರ ಪ್ರಶ್ನೆಯ ತಿರುಳು ಇದು, ಇದಕ್ಕೆ ಉತ್ತರ ರಕ್ತದಲ್ಲಿ ಹುಡುಕುವ ಮೊದಲು ಕಥೆಯಲ್ಲಿ ಹುಡುಕಬೇಕು. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿ ಮಲಗಿದ್ದಾಗ ಹೆಪ್ಪು ಬಂದಿತ್ತೆ? ಕಾರಣ ಹೋಯಿತು, ಮೂರು ತಿಂಗಳ ಮಾತ್ರೆ ಮುಗಿಸಿದರೆ ಮತ್ತೆ ಬರುವ ಸಂಭವ ತೀರಾ ಕಡಿಮೆ. ಯಜಮಾನರ ಹಾಗೆ ಕಾರಣವೇ ಇಲ್ಲದೆ ಬಂದಿದ್ದರೆ ಲೆಕ್ಕ ಬೇರೆ. ಅನೇಕ ಅಧ್ಯಯನಗಳನ್ನು ಒಟ್ಟುಹಾಕಿ 2019ರಲ್ಲಿ ಲೆಕ್ಕ ಮಾಡಿದರು: ಮಾತ್ರೆ ನಿಲ್ಲಿಸಿದರೆ ಮೊದಲ ವರ್ಷ ನೂರಕ್ಕೆ 10 ಜನರಿಗೆ, ಐದು ವರ್ಷದೊಳಗೆ 25, ಹತ್ತು ವರ್ಷದೊಳಗೆ 36 ಜನರಿಗೆ ಮತ್ತೆ ಹೆಪ್ಪು. ಗಂಡಸರಲ್ಲಿ ಹೆಚ್ಚು, 41. ಹೆಂಗಸರಲ್ಲಿ 29.

ಇಲ್ಲಿ ಡಿ-ಡೈಮರಿಗೆ ಎರಡನೆಯ ಕೆಲಸ ಇದೆ. ಇಟಲಿಯವರು 2006ರಲ್ಲಿ ಕಾರಣವಿಲ್ಲದೆ ಹೆಪ್ಪು ಬಂದವರ ಮಾತ್ರೆಯನ್ನು ನಿಲ್ಲಿಸಿ, ಒಂದು ತಿಂಗಳು ಬಿಟ್ಟು ಡಿ-ಡೈಮರ್ ನೋಡಿದರು. ಸರಿಯಾಗಿದ್ದವರು ಮಾತ್ರೆ ಇಲ್ಲದೆ ಮುಂದುವರಿದರು. ಮುಂದಿನ ಸುಮಾರು ಒಂದೂವರೆ ವರ್ಷದಲ್ಲಿ ಅವರಲ್ಲಿ ನೂರಕ್ಕೆ ಆರು ಜನರಿಗೆ ಹೆಪ್ಪು ಮರುಕಳಿಸಿತು. ಏರಿದ್ದವರಲ್ಲಿ ಅರ್ಧ ಜನರಿಗೆ ಮಾತ್ರೆ ಮತ್ತೆ ಶುರುಮಾಡಿದರು, ಅರ್ಧ ಜನರಿಗೆ ಇಲ್ಲ. ಶುರುಮಾಡದವರಲ್ಲಿ ನೂರಕ್ಕೆ 15, ಶುರುಮಾಡಿದವರಲ್ಲಿ ಮೂರರೊಳಗೆ.

ಗಮನಿಸಿ, ಪರೀಕ್ಷೆ ಮಾಡಿದ್ದು ಮಾತ್ರೆ ನಿಲ್ಲಿಸಿ ತಿಂಗಳಾದ ಮೇಲೆ. ನಮ್ಮ ಯಜಮಾನರು ಮಾತ್ರೆ ನುಂಗುತ್ತಲೇ ತಿಂಗಳುತಿಂಗಳೂ ಮಾಡಿಸುತ್ತಿದ್ದರು. ಮಾತ್ರೆಯೇ ಹೆಪ್ಪನ್ನು ತಡೆದು ಹಿಡಿದಿರುವಾಗ ಅಂಕಿ ಕೆಳಗಿರುವುದು ಸಹಜ. ಅದನ್ನು ನೋಡಿ ‘ನಾರ್ಮಲ್ ಆಯ್ತು, ಇನ್ನು ಮಾತ್ರೆ ಬಿಡಬಹುದು’ ಎಂದು ತಾವೇ ಬಿಟ್ಟುಬಿಡುವವರನ್ನು ಕಂಡಿದ್ದೇನೆ. ಕಾಲದ ವಿಚಾರ ಹೇಳಿದಾಗ ಯಜಮಾನರು ತಲೆ ಆಡಿಸಿದರು. ಆಲೆಮನೆಯಲ್ಲಿ ಬೆಲ್ಲದ ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟುತ್ತದೆಯೇ ಎಂದು ನೋಡುತ್ತಾರಲ್ಲ. ‘ಕೊಪ್ಪರಿಗೆ ಕುದಿಯೋಕೆ ಮುಂಚೆನೆ ನೋಡಿದ್ರೆ ನೀರೇ ಕಾಣ್ತದೆ, ಪಾಕ ಕಾಣಕಿಲ್ಲ’ ಎಂದರು.

ಇಷ್ಟಾದರೂ ಆ ತಿಂಗಳ ಪರೀಕ್ಷೆ ಎಲ್ಲರಿಗೂ ಒಂದೇ ಸಮ ನಂಬಿಕೆಯದಲ್ಲ. 2015ರಲ್ಲಿ ಹೊರಬಂದ ಕೆನಡಾದವರ ಅಧ್ಯಯನದಲ್ಲಿ ಡಿ-ಡೈಮರ್ ಸರಿಯಾಗಿದೆ ಎಂದು ಮಾತ್ರೆ ನಿಲ್ಲಿಸಿದ ಗಂಡಸರಲ್ಲೂ ವರ್ಷಕ್ಕೆ ನೂರಕ್ಕೆ ಸುಮಾರು 10 ಜನರಿಗೆ ಹೆಪ್ಪು ಮತ್ತೆ ಬಂತು. ಗರ್ಭನಿರೋಧಕ ಮಾತ್ರೆಯಂಥ ಈಸ್ಟ್ರೋಜನ್ ಔಷಧಿಯಿಂದ ಹೆಪ್ಪು ಬಂದಿದ್ದ ಹೆಂಗಸರಲ್ಲಿ ಒಬ್ಬರಿಗೂ ಬರಲಿಲ್ಲ. ಒಂದೇ ಅಂಕಿ, ಒಬ್ಬರಿಗೆ ಅಭಯ, ಇನ್ನೊಬ್ಬರಿಗೆ ಅಲ್ಲ. ಆದ್ದರಿಂದ ಯಜಮಾನರಿಗೆ ನಾನು ನಿಲ್ಲಿಸಿ ನೋಡುವ ಸಾಹಸ ಮಾಡಲಿಲ್ಲ. ಆರು ತಿಂಗಳಾದ ಮೇಲೆ ಎಪಿಕ್ಸಬಾನ್ ಮಾತ್ರೆಯ ಪ್ರಮಾಣವನ್ನು ಅರ್ಧಕ್ಕೆ ಇಳಿಸಿದೆ. ಹೀಗೆ ಇಳಿಸಿ ಮುಂದುವರಿಸಿದರೂ ಕಾವಲು ಕಡಿಮೆಯಾಗುವುದಿಲ್ಲ ಎಂದು 2013ರಲ್ಲೇ ಗೊತ್ತಾಗಿದೆ.

ಈಗ ನನ್ನ ತಪ್ಪೊಂದನ್ನು ಹೇಳಬೇಕು. ಬಹಳ ವರ್ಷದ ಹಿಂದಿನ ಮಾತು. ಸಿಸೇರಿಯನ್ ಆಗಿ ಹತ್ತು ದಿನಕ್ಕೆ ಶ್ವಾಸಕೋಶಕ್ಕೆ ಹೆಪ್ಪು ಹೋಗಿ ಬದುಕಿದ್ದ ತಾಯಿ. ಬಾಣಂತಿಗೆ ಹೆಪ್ಪಿನ ಅಪಾಯ ಬೇರೆ ಹೆಂಗಸರಿಗಿಂತ ಬಹಳ ಹೆಚ್ಚು. ನಮ್ಮಲ್ಲಿ ಅವಳನ್ನು ಕತ್ತಲೆ ಕೋಣೆಯಲ್ಲಿ ಮಲಗಿಸಿ, ನೀರು ಕುಡಿಯಲೂ ಲೆಕ್ಕ ಇಡುವ ಮನೆಗಳು ಇನ್ನೂ ಇವೆ. ಅಜ್ಜಿಯರು ಬೇಸರ ಮಾಡಿಕೊಳ್ಳಬಾರದು, ಎಣ್ಣೆನೀರು ಹಾಕಿ, ಸಾರನ್ನ ಬಡಿಸಿ, ಆದರೆ ಎಬ್ಬಿಸಿ ಓಡಾಡಿಸಿ, ಬಾಯಾರಿದಷ್ಟು ನೀರು ಕೊಡಿ.

ಆ ತಾಯಿಗೆ ಆರು ತಿಂಗಳ ಮಾತ್ರೆ ಮುಗಿಯಿತು, ಡಿ-ಡೈಮರ್ ಸರಿಯಾಗಿತ್ತು. ‘ಸುಸ್ತು, ಉಸಿರು ಕಟ್ಟುತ್ತೆ’ ಎಂದು ಬಂದಾಗಲೆಲ್ಲ ನಾನು ಆ ಅಂಕಿ ತೋರಿಸಿ ‘ಏನೂ ಇಲ್ಲಮ್ಮ, ಮಗು ಸಣ್ಣದು, ನಿದ್ದೆ ಇಲ್ಲ, ರಕ್ತ ಕಡಿಮೆ’ ಎಂದು ಕಬ್ಬಿಣದ ಮಾತ್ರೆ ಬರೆದುಕೊಟ್ಟೆ. ಒಂದು ದಿನ ಆಕೆಯ ಅತ್ತೆ ಜೊತೆಗೆ ಬಂದವರು ಹೇಳಿದರು: ‘ಕೆಳಗಿನ ನಲ್ಲಿಯಿಂದ ಒಂದು ಕೊಡ ನೀರು ತರೋಕೆ ಎರಡು ಸಲ ಕೊಡ ಇಳಿಸ್ತಾಳೆ, ಸ್ವಾಮಿ. ಮೊದಲು ಎರಡೆರಡು ಕೊಡ ಹೊರ್ತಿದ್ಲು.’ ಆಗ ಎಕೋ ಮಾಡಿಸಿದೆ. ಶ್ವಾಸಕೋಶದ ನಾಳದ ಒತ್ತಡ ಮಿತಿಮೀರಿತ್ತು.

ಹೆಪ್ಪು ಬಂದು ಬದುಕಿದವರಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಹೆಪ್ಪು ಪೂರ್ತಿ ಕರಗದೆ ಗಾಯದ ಕಲೆಯ ಹಾಗೆ ಗಟ್ಟಿಯಾಗಿ ನಾಳದ ಗೋಡೆಗೆ ಅಂಟಿಕೊಳ್ಳುತ್ತದೆ. ಅದರಲ್ಲಿ ಪ್ಲಾಸ್ಮಿನ್ ಕತ್ತರಿಸಲು ಏನೂ ಉಳಿದಿರುವುದಿಲ್ಲ, ಡಿ-ಡೈಮರ್ ಏರಲೇಬೇಕೆಂದಿಲ್ಲ. ನಾನು ನೋಡುತ್ತಿದ್ದದ್ದು ತಪ್ಪು ಅಂಕಿ. ಇಲ್ಲಿ ನೆರವಾಗುವುದು ಆಗಲೇ ಹೇಳಿದ ಬಿ.ಎನ್.ಪಿ. ಜಾತಿಯ ಪರೀಕ್ಷೆ. ಅದೂ ಸರಿಯಾಗಿದ್ದು ಇ.ಸಿ.ಜಿ.ಯಲ್ಲಿ ಬಲಕೋಣೆ ತಿಣುಕುತ್ತಿರುವ ಗುರುತೂ ಇಲ್ಲದಿದ್ದರೆ ಈ ಕಾಯಿಲೆ ಇರುವ ಸಂಭವ ಬಹಳ ಕಡಿಮೆ ಎಂದು ನೆದರ್ಲೆಂಡ್ಸಿನ ಲೈಡನ್ ಊರಿನ ವೈದ್ಯರು ತೋರಿಸಿಕೊಟ್ಟರು. ಅನುಮಾನ ಉಳಿದರೆ ಎಕೋ, ಆಮೇಲೆ ಶ್ವಾಸಕೋಶದ ಗಾಳಿ ಮತ್ತು ರಕ್ತದ ಹರಿವನ್ನು ಹೋಲಿಸಿ ನೋಡುವ ವಿ.ಕ್ಯು. ಸ್ಕ್ಯಾನ್.

ಆ ತಾಯಿಗೆ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಮೈಯ ಬಿಸಿಯನ್ನು 20 ಡಿಗ್ರಿಯ ಆಸುಪಾಸಿಗೆ ಇಳಿಸಿ, ರಕ್ತದ ಓಟವನ್ನೇ ನಿಲ್ಲಿಸಿ, ಒಂದು ಸಲಕ್ಕೆ ಇಪ್ಪತ್ತು ನಿಮಿಷದೊಳಗೆ ನಾಳದ ಒಳಗಿನ ಪೊರೆಯನ್ನು ಸುಲಿಯುತ್ತಾರೆ. ತೆಗೆದದ್ದನ್ನು ಹಸಿರು ಬಟ್ಟೆಯ ಮೇಲೆ ಜೋಡಿಸಿದ ಫೋಟೋ ನನಗೆ ಕಳಿಸಿದ್ದರು. ಎಲೆ ಉದುರಿದ ಗಿಡದ ಕೊಂಬೆಯಂತೆ, ಟಿಸಿಲು ಟಿಸಿಲಾಗಿ ಒಡೆದಿತ್ತು. ಅವರ ಮಗು ಈಗ ಕಾಲೇಜಿಗೆ ಹೋಗುತ್ತಿದೆ. ಆಪರೇಷನ್ ಆಗದವರಿಗೆ ಬಲೂನಿನಿಂದ ಬಿಡಿಸುವ ಕ್ರಮ ಇದೆ, ಮಾತ್ರೆಯೂ ಇದೆ.

ಹಾಗೆಂದು ಏದುಸಿರು ಬಂದವರಿಗೆಲ್ಲ ಈ ಕಾಯಿಲೆ ಎಂದು ಹೆದರಬೇಡಿ. ಕೆನಡಾದಲ್ಲಿ 100 ರೋಗಿಗಳನ್ನು ಒಂದು ವರ್ಷ ಹಿಂಬಾಲಿಸಿ ನೋಡಿದಾಗ ಹೆಚ್ಚುಕಡಿಮೆ ಅರ್ಧ ಜನಕ್ಕೆ ಶ್ರಮ ಪಡುವ ಶಕ್ತಿ ಕುಂದಿತ್ತು. ಬಹಳ ಮಟ್ಟಿಗೆ ಕಾರಣ ಹೃದಯವೂ ಅಲ್ಲ, ಶ್ವಾಸಕೋಶವೂ ಅಲ್ಲ. ಮೈ ಬಳಸದೆ ಜಡ್ಡುಗಟ್ಟಿದ್ದು. ‘ಅಲುಗಾಡಿದರೆ ಹೆಪ್ಪು ಮತ್ತೆ ಕಿತ್ತು ಹೋಗುತ್ತೆ’ ಎಂದು ವರ್ಷವಿಡೀ ದಿವಾನದ ಮೇಲೆ ಕೂರಿಸುವ ಮನೆಯವರ ಪ್ರೀತಿಯೂ ಅದರಲ್ಲಿ ಸೇರಿದೆ. ಎಕೋ ಸರಿಯಿದ್ದರೆ ನಡೆಯಬೇಕು, ದಿನಾ ಸ್ವಲ್ಪಸ್ವಲ್ಪ ಹೆಚ್ಚಿಸುತ್ತಾ.

ಕವರಿನಲ್ಲಿ ಇನ್ನೂ ಏನೇನೋ ಇತ್ತು. ಪ್ರೋಟೀನ್ ಸಿ, ಪ್ರೋಟೀನ್ ಎಸ್ ಎಂಬ ದುಬಾರಿ ಪರೀಕ್ಷೆಗಳನ್ನು ಹೆಪ್ಪು ಬಂದ ವಾರದಲ್ಲೇ ಮಾಡಿಸಿದ್ದರು. ಆ ಹೊತ್ತಿನಲ್ಲಿ ಅವು ತಾವಾಗಿಯೇ ಇಳಿದಿರುತ್ತವೆ, ದುಡ್ಡು ದಂಡ. ಹೋಮೋಸಿಸ್ಟೀನ್ ಏರಿತ್ತು. ಬಿ12 ಕಡಿಮೆ ಇರುವ ನಮ್ಮ ಸಸ್ಯಾಹಾರಿಗಳಲ್ಲಿ ಅದು ಸಾಮಾನ್ಯ. ವಿಟಮಿನ್ ಕೊಟ್ಟು ಅದನ್ನು ಇಳಿಸಿದ ಮಾತ್ರಕ್ಕೆ ಹೆಪ್ಪು ಮರುಕಳಿಸುವುದು ತಪ್ಪಲಿಲ್ಲ ಎಂದು ಪರೀಕ್ಷೆಗಳು ತೋರಿಸಿವೆ. ಎಲ್ಲೋ ಕ್ಯಾನ್ಸರ್ ಅಡಗಿದೆಯೇ ಎಂದು ಹೊಟ್ಟೆಯ ಸಿ.ಟಿ. ಬೇರೆ. ಕಾರಣವಿಲ್ಲದೆ ಹೆಪ್ಪು ಬಂದ 854 ಜನರನ್ನು ನೋಡಿದ 2015ರ ಅಧ್ಯಯನದಲ್ಲಿ ಒಂದು ವರ್ಷದಲ್ಲಿ ಕ್ಯಾನ್ಸರ್ ಪತ್ತೆಯಾದದ್ದು ನೂರಕ್ಕೆ ನಾಲ್ವರಿಗೆ. ಎಲ್ಲರಿಗೂ ಹೊಟ್ಟೆಯ ಸಿ.ಟಿ. ಮಾಡಿದ್ದರಿಂದ ಲಾಭವೇನೂ ಕಾಣಲಿಲ್ಲ. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ ಆಗ ಹುಡುಕಬೇಕು. ಒಂದನ್ನು ಮಾತ್ರ ಬಿಡಬಾರದು: ಪದೇಪದೇ ಗರ್ಭ ಜಾರಿದ ಹೆಂಗಸರಿಗೆ, ಚಿಕ್ಕ ವಯಸ್ಸಿನಲ್ಲಿ ಹೆಪ್ಪು ಬಂದವರಿಗೆ ಆಂಟಿಫಾಸ್ಫೊಲಿಪಿಡ್ ಪರೀಕ್ಷೆ. ಹನ್ನೆರಡು ವಾರ ಬಿಟ್ಟು ಅದನ್ನು ಇನ್ನೊಮ್ಮೆ ಮಾಡಿ ಖಚಿತ ಮಾಡಿಕೊಳ್ಳಬೇಕು. ಅದು ಬಲವಾಗಿ ಪಾಸಿಟಿವ್ ಬಂದವರಿಗೆ ಎಪಿಕ್ಸಬಾನಿನಂಥ ಹೊಸ ಮಾತ್ರೆಗಳಿಗಿಂತ ಹಳೆಯ ವಾರ್ಫರಿನ್ನೇ ವಾಸಿ.

ಹಳೆಯ ಮಾತ್ರೆ ನುಂಗುವವರು ಸೊಪ್ಪು ತಿನ್ನಬಾರದು ಎಂದು ಯಾರೋ ಹೇಳಿರುತ್ತಾರೆ. ತಿನ್ನಿ. ವಾರವೆಲ್ಲ ಬಿಟ್ಟು ಭಾನುವಾರ ಒಂದು ತಪ್ಪಲೆ ಮಸ್ಸೊಪ್ಪು ತಿನ್ನಬೇಡಿ, ದಿನಾ ಒಂದೇ ಅಳತೆ ಇರಲಿ, ರಕ್ತ ಹೆಪ್ಪುಗಟ್ಟುವ ಕಾಲ ಅಳೆಯುವ ಐ.ಎನ್.ಆರ್. ಪರೀಕ್ಷೆಯನ್ನು ತಪ್ಪದೆ ಮಾಡಿಸಿಕೊಳ್ಳಿ.

ಮೊನ್ನೆ ಯಜಮಾನರು ಬಂದಿದ್ದರು. ಕವರಿನಲ್ಲಿ ಈಗ ಎರಡೇ ಹಾಳೆ: ವರ್ಷಕ್ಕೆರಡು ಸಲ ನೋಡುವ ಹಿಮೋಗ್ಲೋಬಿನ್ ಮತ್ತು ಕಿಡ್ನಿಯ ಕ್ರಿಯಾಟಿನಿನ್. ಮಾತ್ರೆ ಮುಂದುವರಿಸಲು ಅವು ಬೇಕು, ಎರಡೂ ಚೆನ್ನಾಗಿದ್ದವು. ಕುರ್ಚಿಯಲ್ಲಿ ಕೂತವರೇ, ‘ನಿಮ್ಮ ಹದಿನೆಂಟು ಮೆಟ್ಲು ಒಂದೇ ಉಸಿರ್ಗೆ ಹತ್ದೆ ಡಾಕ್ಟ್ರೆ’ ಎಂದರು. ಬಾಗಿಲ ಹತ್ತಿರ ಚಪ್ಪಲಿ ಬಿಡುತ್ತಿದ್ದ ಅವರ ಹೆಂಡತಿ ಒಳಗೆ ಬರುತ್ತಾ, ‘ಸುಳ್ಳು. ಹನ್ನೆರಡಕ್ಕೆ ನಿಂತ್ಕೊಂಡ್ರು, ಹೋದ್ಸಲ ನಿಂತಿರ್ಲಿಲ್ಲ’ ಎಂದರು.

ಇ.ಸಿ.ಜಿ. ತೆಗೆದು, ಎಕೋಗೆ ಬರೆದುಕೊಟ್ಟೆ.